ಪುಣೆಯ ಫಿಲಂ ಆರ್ಕೈವ್: ತಪ್ಪು ಕಲ್ಪನೆ ಮತ್ತು ವಾಸ್ತವ

ಹಳೆಯ ಸಿನಿಮಾದ ಮಾತು ಬಂದರೆ ‘ಪುಣೆಯಲ್ಲಿ ಇದ್ದೇ ಇರುತ್ತೆ ಬಿಡಿ’ ಎನ್ನುವವರು ಬಹಳ. ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಮೇಲೆ ಅಷ್ಟು ಭರವಸೆ. ಅದರಲ್ಲಿ ನಿಜವೆಷ್ಟು?

ತಪ್ಪು ಕಲ್ಪನೆ: ಹಳೆಯ ಚಿತ್ರಗಳೆಲ್ಲ ಅಲ್ಲಿ ಭದ್ರವಾಗಿವೆ.
ವಾಸ್ತವ: ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಭಾರತದ ಮೊದಲ ಕಥಾಚಿತ್ರ, ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡು ಆಗಲೇ 51 ವರ್ಷ. ಅಷ್ಟರೊಳಗೆ ಎಷ್ಟೋ ರೀಲುಗಳು ಫಿಲಂನಲ್ಲಿರುವ ಬೆಳ್ಳಿಯ ಆಸೆಗೆ ಕರಗಿಹೋಗಿದ್ದವು. ಮೊದಲ ಭಾರತೀಯ ಟಾಕಿ ‘ಆಲಂ ಆರಾ’ (1931), ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ (1934) ಎರಡರ ಪ್ರತಿಯೂ ಇಂದು ಸಿಗುವುದಿಲ್ಲ. ಫಾಲ್ಕೆಯವರ ಚಿತ್ರಗಳ ರೀಲುಗಳು ಉಳಿದಿದ್ದರೆ, ಸಂಗ್ರಹಾಲಯದ ಪಿ.ಕೆ. ನಾಯರ್ ಅವರು ನಾಸಿಕ್‌ನಲ್ಲಿದ್ದ ಫಾಲ್ಕೆ ಕುಟುಂಬದವರನ್ನು ಹುಡುಕಿಕೊಂಡು ಹೋದದ್ದರಿಂದ. ಸಂಗ್ರಹಕ್ಕೆ ಸೇರಿದ್ದೂ ಪೂರ್ತಿ ಸುರಕ್ಷಿತವಲ್ಲ: 2003ರ ಜನವರಿಯ ಬೆಂಕಿಗೆ ನೈಟ್ರೇಟ್ ಫಿಲಂಗಳ ದೊಡ್ಡ ಭಾಗವೇ ಸುಟ್ಟುಹೋಯಿತು.

ತಪ್ಪು ಕಲ್ಪನೆ: ಡಬ್ಬಕ್ಕೆ ಹಾಕಿ ಬೀಗ ಜಡಿದರೆ ಸಾಕು.
ವಾಸ್ತವ: ನೈಟ್ರೇಟ್ ಫಿಲಂಗೆ ಬೆಂಕಿಯ ಭಯ. ಆಮೇಲೆ ಬಂದ ಅಸಿಟೇಟ್ ಫಿಲಂ ಸೆಕೆ, ತೇವಕ್ಕೆ ಸಿಕ್ಕರೆ ಹುಳಿಯುತ್ತದೆ. ಡಬ್ಬದ ಮುಚ್ಚಳ ತೆಗೆದೊಡನೆ ವಿನೆಗರ್ ವಾಸನೆ ಮೂಗಿಗೆ ಬಡಿದರೆ ರೋಗ ಹಿಡಿದಿದೆ ಎಂದೇ ಅರ್ಥ. ಮುಂದೆ ಫಿಲಂ ಕುಗ್ಗುತ್ತದೆ, ಡೊಂಕಾಗುತ್ತದೆ, ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ. ಅದಕ್ಕೇ ತಂಪು, ಒಣಗಾಳಿಯ ಕೋಣೆ ಬೇಕು. ಆಗಾಗ ರೀಲು ಬಿಚ್ಚಿ ನೋಡುವ ಕೈಯೂ ಬೇಕು.

ತಪ್ಪು ಕಲ್ಪನೆ: ಡಿಜಿಟಲ್ ಮಾಡಿದ ಮೇಲೆ ರೀಲು ಎಸೆಯಬಹುದು.
ವಾಸ್ತವ: ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸ ಕಳೆಯೊಂದಿಗೆ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದಕ್ಕೆ ಆಧಾರ ಪುಣೆಯಲ್ಲಿ ಕಾಪಿಟ್ಟಿದ್ದ ಮೂಲ ನೆಗೆಟಿವ್. ಹಿಂದೆ ಮಾಡಿಟ್ಟ ಡಿವಿಡಿಯಿಂದ ಇಂದಿನ 4ಕೆ ಸ್ಪಷ್ಟತೆಯ ಪ್ರತಿ ಹುಟ್ಟುವುದಿಲ್ಲ. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದರೂ ಕೈಹಾಕಬೇಕಾದದ್ದು ಅದೇ ನೆಗೆಟಿವ್‌ಗೆ.

ತಪ್ಪು ಕಲ್ಪನೆ: ರೀಲು ಕೊಟ್ಟರೆ ಹಕ್ಕೂ ಹೋಗುತ್ತದೆ.
ವಾಸ್ತವ: ಜೋಪಾನಕ್ಕೆ ಕೊಟ್ಟ ಮಾತ್ರಕ್ಕೆ ಹಕ್ಕು ಕೈತಪ್ಪುವುದಿಲ್ಲ. ಈ ಅಂಜಿಕೆಯಿಂದ ಮನೆಯಲ್ಲೇ ಇಟ್ಟುಕೊಂಡ ರೀಲು ಕೊನೆಗೆ ಯಾರಿಗೂ ದಕ್ಕುವುದಿಲ್ಲ.

ತಪ್ಪು ಕಲ್ಪನೆ: ಅಲ್ಲಿ ಇರುವುದು ಫಿಲಂ ಮಾತ್ರ.
ವಾಸ್ತವ: ಪೋಸ್ಟರು, ಹಾಡಿನ ಪುಸ್ತಿಕೆ, ಸ್ಥಿರಚಿತ್ರಗಳೂ ಅಲ್ಲಿವೆ. ಚಿತ್ರವೇ ಕಳೆದುಹೋದಾಗ ಅದರ ಕಥೆ, ತಾರಾಗಣ ತಿಳಿಯುವುದು ಇಂಥ ಕಾಗದಗಳಿಂದಲೇ.

ಆದ್ದರಿಂದ ಅಜ್ಜನ ಟ್ರಂಕಿನಲ್ಲಿ ಹಳೆಯ ರೀಲೋ ಹಾಡಿನ ಪುಸ್ತಿಕೆಯೋ ಸಿಕ್ಕರೆ ಗುಜರಿಗೆ ಹಾಕಬೇಡಿ. ಮೊದಲು ಪುಣೆಗೆ ಒಂದು ಪತ್ರ ಬರೆಯಿರಿ.