ನಿಮಗಿದು ಗೊತ್ತೆ? ಹಾಯಿಯ ಹದ ಹೇಳುವ ಉಣ್ಣೆ ಎಳೆ
ಹಾಯಿದೋಣಿಯ ಮುಂದಿನ ತ್ರಿಕೋನ ಹಾಯಿಯೇ ಜಿಬ್. ಅದರ ಹಗ್ಗವನ್ನು ಎಷ್ಟು ಬಿಗಿದಿದ್ದೇವೆ ಎಂಬಷ್ಟೇ ಎಲ್ಲಿಂದ ಎಳೆದಿದ್ದೇವೆ ಎಂಬುದೂ ಮುಖ್ಯ. ಹಗ್ಗ ಹಾಯುವ ರಾಟೆ ಡೆಕ್ಕಿನ ಹಳಿಯ ಮೇಲೆ ಹಿಂದೆಮುಂದೆ ಸರಿಯುತ್ತದೆ. ರಾಟೆಯ ಜಾಗ ಗೊತ್ತುಮಾಡಲು ಹಾಯಿಯ ಮುಂದಿನ ಅಂಚಿನ ಬಳಿ ಮೇಲೆ, ನಡುವೆ, ಕೆಳಗೆ ಉಣ್ಣೆ ಎಳೆ ಅಂಟಿಸುತ್ತಾರೆ. ದೋಣಿಯನ್ನು ಮೆಲ್ಲಗೆ ಗಾಳಿಯತ್ತ ತಿರುಗಿಸಿದಾಗ, ಗಾಳಿ ಬರುವ ಬದಿಯಲ್ಲಿ ಮೇಲಿನ ಎಳೆ ಮೊದಲು ಪಟಪಟಿಸಿದರೆ ರಾಟೆ ಮುಂದಕ್ಕೆ ಸರಿಯಬೇಕು; ಕೆಳಗಿನದು ಮೊದಲಾದರೆ ಹಿಂದಕ್ಕೆ. ಜೋರು ಗಾಳಿಯಲ್ಲಿ ರಾಟೆಯನ್ನು ಬೇಕೆಂದೇ ತುಸು ಹಿಂದಿಟ್ಟರೆ ಹಾಯಿಯ ಮೇಲ್ಭಾಗ ಗಾಳಿ ಬಿಟ್ಟುಕೊಡುತ್ತದೆ, ದೋಣಿ ವಾಲುವುದು ತಗ್ಗುತ್ತದೆ.

ಅನೇಕ ಸಣ್ಣ ದೋಣಿಗಳಲ್ಲಿ ರಾಟೆ ಸರಿಸಲು ವಾಲಿದ ಬದಿಗೇ ಹೋಗಿ ಅದನ್ನು ಹಳಿಯಲ್ಲಿ ಹಿಡಿದಿಡುವ ಪಿನ್ ಎತ್ತಬೇಕು. ನಿಜಕ್ಕೂ ಅಪಾಯದ ಕೆಲಸ! ರಾಟೆಯನ್ನು ಮುಂದಕ್ಕೆಳೆಯುವ ಹಗ್ಗವೊಂದನ್ನು ಚುಕ್ಕಾಣಿಯ ಬಳಿಗೆ ತಂದುಕೊಂಡರೆ ಕೂತಲ್ಲೇ ಹೊಂದಿಸಬಹುದು. ಸಡಿಲಿಸಿದಾಗ ಹಾಯಿಯ ಸೆಳೆತವೇ ರಾಟೆಯನ್ನು ಹಿಂದಕ್ಕೆ ಒಯ್ಯುತ್ತದೆ.