ಕೆಂಪಾಗದ ಕಣ್ಣಿನ ಬೇನೆ

ಬೇನೆ ಬಂದ ಕಣ್ಣು ಕೆಂಪಾಗುವುದು, ನೋಯುವುದು, ನೀರು ಸುರಿಸುವುದು. ಇದು ಎಲ್ಲರೂ ಬಲ್ಲ ಮಾತು. ಆದರೆ ಕೀಲುವಾತವುಳ್ಳ ಎಳೆಯ ಮಕ್ಕಳಲ್ಲಿ ಈ ಯಾವ ಚಿಹ್ನೆಯನ್ನೂ ತೋರದೆ ದೃಷ್ಟಿಯನ್ನು ಕೆಡಿಸುವ ಉರಿಯೂತವೊಂದುಂಟು.

ಕೀಲುವಾತವು ಮುದುಕರ ರೋಗವೆಂದು ಹಲವರ ನಂಬಿಕೆ. ಆದರೆ 1897ರಷ್ಟು ಹಿಂದೆಯೇ ಇಂಗ್ಲೆಂಡಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯನು ಮಕ್ಕಳ ಕೀಲುವಾತವನ್ನು ವಿವರವಾಗಿ ವರ್ಣಿಸಿದನು. 16 ವರ್ಷ ತುಂಬುವ ಮೊದಲೇ ತೊಡಗಿ, ಬೇರೆ ಕಾರಣ ಕಾಣದೆ, 6 ವಾರಗಳಾದರೂ ಉಳಿಯುವ ಕೀಲಿನ ಉರಿಯೂತಕ್ಕೆ ಇಂದು ಈ ಹೆಸರು ಸಲ್ಲುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಸ್ವಂತ ಅಂಗಗಳ ಮೇಲೆ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆ. ಕೆಲವರಲ್ಲಿ ಕೀಲಿನೊಡನೆ ಕಣ್ಣಿನೊಳಗಿನ ಐರಿಸ್ ಎಂಬ ಬಣ್ಣದ ಪೊರೆಯೂ ಅದರ ನೆರೆಯ ಭಾಗಗಳೂ ಊದಿಕೊಳ್ಳುತ್ತವೆ. ಇದೇ ಯುವಿಯೈಟಿಸ್. ನಾಲ್ಕಕ್ಕೆ ಮೀರದಷ್ಟು ಕೀಲುಗಳು ಊದಿದ, 7 ವರ್ಷದೊಳಗಿನ, ರಕ್ತದಲ್ಲಿ ಎ.ಎನ್.ಎ. ಎಂಬ ಪ್ರತಿಕಾಯವುಳ್ಳ ಮಕ್ಕಳಿಗೆ ಅಪಾಯ ಹೆಚ್ಚು.

ಕಮಲಾಪುರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳ ಮೊಣಕಾಲು ಊದಿದೆಯೆಂದು ಭಾವಿಸೋಣ. ಮುಂಜಾನೆ ಕುಂಟುವಳು, ಹೊತ್ತೇರಿದಂತೆ ಆಟಕ್ಕೆ ಓಡುವಳು. ಕಣ್ಣು ಹಾಲಿನಂತೆ ಬೆಳ್ಳಗಿದೆ, ನೋಟವೂ ಚೆನ್ನಾಗಿದೆ. ಹಾಗಾದರೆ ಒಳಗಿನ ಬೇನೆಯನ್ನು ಕಾಣುವುದೆಂತು?

ಗವಾಕ್ಷಿಯಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ತೇಲುವುದನ್ನು ಓದುಗರು ನೋಡಿರಬಹುದು. ಕೋಣೆಯ ಉಳಿದೆಡೆಯಲ್ಲಿಯೂ ಧೂಳಿದೆ. ಕಣ್ಣಿಗೆ ಕಾಣದು, ಅಷ್ಟೆ. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ಲೋಕಕ್ಕೆ ತೋರಿಸಿದ ಸ್ಲಿಟ್ ಲ್ಯಾಂಪ್ ಈ ತತ್ತ್ವವನ್ನೇ ಬಳಸುತ್ತದೆ. ಅದರ ತೆಳುವಾದ ಬೆಳಕಿನ ಪಟ್ಟಿಯನ್ನು ಓರೆಯಾಗಿ ಕಣ್ಣಿನೊಳಕ್ಕೆ ಹಾಯಿಸಿ ಸೂಕ್ಷ್ಮದರ್ಶಕದಿಂದ ನೋಡಿದಾಗ, ಆರೋಗ್ಯವಂತ ಕಣ್ಣಿನ ಮುಂಭಾಗದ ದ್ರವವು ತಿಳಿಯಾಗಿ ಕಾಣುವುದು. ಉರಿಯೂತವಿದ್ದರೆ ಬಿಳಿಯ ರಕ್ತಕಣಗಳು ಧೂಳಿನಂತೆ ತೇಲುವುವು; ಸೋರಿದ ಪ್ರೋಟೀನಿನಿಂದ ಬೆಳಕು ಹೊಗೆಯಂತೆ ಮಸುಕಾಗುವುದು.

ಇದನ್ನು ಕಡೆಗಣಿಸಿದರೆ ಐರಿಸ್ ಹಿಂದಿನ ಮಸೂರಕ್ಕೆ ಅಂಟಿಕೊಂಡು ಪಾಪೆಯ ಗುಂಡಗಿನ ಆಕಾರ ಕೆಡುತ್ತದೆ. ಕಣ್ಣಿನ ಪೊರೆ, ಗ್ಲಾಕೋಮ, ಕೊನೆಗೆ ಕುರುಡೂ ಬರಬಹುದು. ಸಕಾಲದಲ್ಲಿ ಕಂಡುಹಿಡಿದರೆ ಸ್ಟೀರಾಯ್ಡ್ ಹನಿಗಳು, ಪಾಪೆಯನ್ನು ಹಿಗ್ಗಿಸುವ ಹನಿಗಳು, ಮೆಥೊಟ್ರೆಕ್ಸೇಟ್, ಅಡಾಲಿಮುಮಾಬ್ ಮೊದಲಾದ ಔಷಧಗಳಿಂದ ದೃಷ್ಟಿಯನ್ನು ಕಾಪಾಡಬಹುದು.

ಕಣ್ಣು ಕೀಲಿನ ಹೆಜ್ಜೆಯನ್ನೇ ಅನುಸರಿಸುವುದಿಲ್ಲವೆಂಬುದನ್ನು ಮರೆಯಲಾಗದು. ಮೊಣಕಾಲಿನ ಊತ ಇಳಿದ ಮೇಲೂ ಕಣ್ಣಿನಲ್ಲಿ ಉರಿ ತಲೆದೋರಬಹುದು. ಆದುದರಿಂದ ಹೆಚ್ಚಿನ ಅಪಾಯದ ಮಕ್ಕಳಿಗೆ ವರ್ಷಗಳ ಕಾಲ, 3 ತಿಂಗಳಿಗೊಮ್ಮೆ ಈ ಪರೀಕ್ಷೆ ಅವಶ್ಯಕ. ಕಲಬುರಗಿಯಲ್ಲಿ 1963ರಿಂದಲೂ ವೈದ್ಯಕೀಯ ಕಾಲೇಜುಂಟು. ಸ್ಲಿಟ್ ಲ್ಯಾಂಪ್ ಇಂದು ನೇತ್ರವೈದ್ಯರ ನಿತ್ಯದ ಸಾಧನ. ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಕಣ್ಣು ನೋಯಲಿಯೆಂದು ಕಾಯದೆ, ಬೆಳ್ಳಗಿರುವಾಗಲೇ ಹುಡುಗಿಯನ್ನು ಕಮಲಾಪುರದಿಂದ ನಗರಕ್ಕೆ ಕರೆತರುವುದೇ ಇಲ್ಲಿ ಮೊದಲ ಚಿಕಿತ್ಸೆ.