ಮೊಲದ ರೋಮ, ಮುಂಬೈ ಮಳೆ

ಮಹಾಲಕ್ಷ್ಮಿ ರೇಸ್‌ಕೋರ್ಸ್ ಕಟ್ಟಿದ್ದು 1883ರಲ್ಲಿ. ಅಲ್ಲಿ ಇಂಡಿಯನ್ ಡರ್ಬಿ ಶುರುವಾದದ್ದು 1943ರಲ್ಲಿ. ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಭಾನುವಾರ ನಡೆಯುವ ಈ ಕುದುರೆ ಓಟದ ದಿನ ಮುಂಬೈಯಲ್ಲಿ ಅಪರೂಪದ ಒಂದು ದೃಶ್ಯ ಕಾಣುತ್ತದೆ: ಗಂಡಸರ ತಲೆಯ ಮೇಲೆ ಫೆಲ್ಟ್ ಹ್ಯಾಟು. ದೂರದಿಂದ ಬೂದು ಬಣ್ಣದ ಎರಡು ಹ್ಯಾಟುಗಳನ್ನು ನೋಡಿದರೆ ಯಾವುದು ಹೆಚ್ಚು ಬೆಲೆಯದೆಂದು ಹೇಳಲಾಗದು. ಒಂದೆರಡು ಮಳೆಗಾಲ ಕಳೆದ ಮೇಲೆ ನೋಡಿ. ಒಂದರ ಅಂಚು ಜೋತುಬಿದ್ದು, ಮೇಲ್ಮೈಯೆಲ್ಲ ಗಂಟುಗಂಟಾಗಿ, ಅಳತೆ ಕುಗ್ಗಿ ಹಣೆ ಹಿಂಡುತ್ತಿರುತ್ತದೆ. ಇನ್ನೊಂದು ಬ್ರಷ್ ಆಡಿಸಿದರೆ ಸಾಕು, ಮತ್ತೆ ಹಾಕಿಕೊಳ್ಳುವಂತಿರುತ್ತದೆ. ಮೊದಲನೆಯದು ಕುರಿಯ ಉಣ್ಣೆ, ಎರಡನೆಯದು ಮೊಲದ ರೋಮ. ಹ್ಯಾಟು ಕೊಳ್ಳುವವರು ಬ್ರ್ಯಾಂಡಿಗಿಂತ ಮೊದಲು ವಿಚಾರಿಸಬೇಕಾದದ್ದು ಪ್ರಾಣಿಯನ್ನು.

ಫೆಲ್ಟ್ ನೇಯ್ದ ಬಟ್ಟೆಯಲ್ಲ. ಅದರಲ್ಲಿ ಹಾಸಿಲ್ಲ, ಹೊಕ್ಕಿಲ್ಲ, ನೂಲೇ ಇಲ್ಲ. ಬಿಡಿಬಿಡಿ ಕೂದಲುಗಳು ಒಂದನ್ನೊಂದು ಹಿಡಿದುಕೊಂಡು ತಾವೇ ಹಾಳೆಯಾಗಿರುತ್ತವೆ. ಹಾಗಾಗಿಯೇ ಅದನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಹ್ಯಾಟಿನ ಅಂಚನ್ನು ಮಡಚಿ ಹೊಲಿಯದೆ ಹಾಗೇ ಬಿಟ್ಟರೂ ನಡೆಯುತ್ತದೆ. ಈ ಹಿಡಿತದ ಗುಟ್ಟು ಕೂದಲಿನ ಮೈಮೇಲಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರಾಣಿಯ ಕೂದಲಿನ ಮೇಲೆ ಒಂದರ ಮೇಲೊಂದು ಹೊದಿಸಿದಂತೆ ಚಿಪ್ಪುಗಳಿವೆ. ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿವೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ನಯ, ತುದಿಯಿಂದ ಬುಡಕ್ಕೆ ಆಡಿಸಿದರೆ ತಡೆ. ನಿಮ್ಮದೇ ಒಂದು ಉದ್ದ ಕೂದಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಂದೆಮುಂದೆ ಉಜ್ಜಿ ನೋಡಿ. ಅದು ಎರಡೂ ಕಡೆಗೆ ಸಮನಾಗಿ ಸರಿಯುವುದಿಲ್ಲ, ಬುಡದ ಕಡೆಗೇ ಹೊರಟುಬಿಡುತ್ತದೆ. ಹಳ್ಳಿಯ ಮಕ್ಕಳು ಗೋಧಿ ತೆನೆಯನ್ನು ಅಂಗಿಯ ತೋಳಿನೊಳಗೆ ತುರುಕಿ, ಕೈ ಆಡಿಸಿದಷ್ಟೂ ಅದು ಮೇಲಕ್ಕೆ ಹತ್ತುವುದನ್ನು ಕಂಡು ನಗುತ್ತಾರಲ್ಲ, ಇಲ್ಲಿ ನಡೆಯುವುದೂ ಅದೇ. ಸಾವಿರಾರು ಕೂದಲುಗಳನ್ನು ಒಟ್ಟಿಗೆ ಹಾಕಿ, ಬಿಸಿನೀರು ಹಾಕಿ, ಅಮುಕಿ, ಹೊರಳಿಸಿದರೆ ಪ್ರತಿಯೊಂದೂ ಬುಡ ಮುಂದು ಮಾಡಿಕೊಂಡು ನುಗ್ಗುತ್ತದೆ, ನೆರೆಯ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಚಿಪ್ಪಿನ ತಡೆಯಿಂದಾಗಿ ಹಿಂದಕ್ಕೆ ಬರಲಾರದು. ಉಣ್ಣೆಯ ಸ್ವೆಟರನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದಾಗ ಮಗುವಿನ ಅಳತೆಗೆ ಕುಗ್ಗುವುದೂ ಇದರಿಂದಲೇ. ಹ್ಯಾಟು ಮಾಡುವವರು ಆ ಅವಘಡವನ್ನೇ ಬೇಕೆಂದು, ಅಳೆದು ತೂಗಿ ಮಾಡುತ್ತಾರೆ.

ಹಾಗಾದರೆ ಕುರಿಯ ಉಣ್ಣೆಯೇ ಸಾಕಿತ್ತಲ್ಲ, ಮೊಲವೇಕೆ? ಉತ್ತರ ಕೂದಲಿನ ದಪ್ಪದಲ್ಲಿದೆ. ನಯವಾದ ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್. ನಮ್ಮ ಡೆಕ್ಕನಿ ಕುರಿಯ, ಕಂಬಳಿಗೆ ಹೋಗುವ ಉಣ್ಣೆ ಅದಕ್ಕಿಂತ ಬಹಳ ಒರಟು. ಮೊಲದ ಒಳರೋಮ ಮೆರಿನೋಗಿಂತಲೂ ತೆಳು. ಜೊತೆಗೆ ಅದರೊಳಗೆ ಗಾಳಿ ತುಂಬಿದ ಸಣ್ಣ ಕೋಣೆಗಳ ಸಾಲಿರುವುದರಿಂದ ಹಗುರ. ತೆಳು ಕೂದಲಾದಷ್ಟೂ ಅದೇ ತೂಕದಲ್ಲಿ ಹೆಚ್ಚು ಕೂದಲು, ಹೆಚ್ಚು ಕೂದಲಾದಷ್ಟೂ ಹೆಚ್ಚು ಹಿಡಿತ. ಒಳ್ಳೆಯ ರೋಮದ ಫೆಲ್ಟು ಹಗುರವೂ ದಟ್ಟವೂ ಆಗಿರುವುದು ಹೀಗೆ. ಒಳರೋಮ ಎಂದು ಒತ್ತಿ ಹೇಳಬೇಕು. ಮೊಲಕ್ಕೆ ಎರಡು ಬಗೆಯ ಕೂದಲಿದೆ: ಮಳೆ ಮುಳ್ಳು ತಡೆಯಲು ಹೊರಗೆ ಉದ್ದನೆಯ ಒರಟು ಕೂದಲು, ಮೈ ಬೆಚ್ಚಗಿಡಲು ಅದರ ಕೆಳಗೆ ಹತ್ತಿಯಂಥ ಒಳರೋಮ. ಹೊರಗೂದಲು ಫೆಲ್ಟಾಗುವುದಿಲ್ಲ, ಅದನ್ನು ಕಿತ್ತು ಬೇರೆ ಮಾಡಲೇಬೇಕು.

ಈ ವಿಷಯದಲ್ಲಿ ಎಲ್ಲರಿಗಿಂತ ಮೇಲು ಬೀವರ್. ಹೊಳೆಗೆ ಅಡ್ಡಲಾಗಿ ಮರದ ಕಟ್ಟೆ ಕಟ್ಟುವ ಈ ದಂಶಕದ ಒಳರೋಮದ ಚಿಪ್ಪುಗಳು ಹುಟ್ಟಿನಿಂದಲೇ ಎದ್ದು ನಿಂತಿರುತ್ತವೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೈಮೇಲೆ ಹೊದ್ದು ಹಳತು ಮಾಡಿದ ಬೀವರ್ ಚರ್ಮಕ್ಕೆ ಯುರೋಪಿನಲ್ಲಿ ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆಯಿತ್ತು, ಏಕೆಂದರೆ ಹೊದ್ದು ಹೊದ್ದು ಹೊರಗೂದಲು ತಾನಾಗಿ ಉದುರಿಹೋಗಿರುತ್ತಿತ್ತು. ಅಲ್ಲಿಯ ತುಪ್ಪಳ ವ್ಯಾಪಾರಕ್ಕೆಂದು 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿ ಬೆಳೆದದ್ದು ಈ ರೋಮದ ಮೇಲೆ. ತುಪ್ಪಳ, ಮಾಂಸ ಮತ್ತು ಮೈಯ ಸುಗಂಧದ್ರವ್ಯಕ್ಕಾಗಿ ನಡೆದ ಬೇಟೆಯಿಂದ 20ನೇ ಶತಮಾನದ ಆರಂಭದ ಹೊತ್ತಿಗೆ ಯುರೋಪ್ ಮತ್ತು ಏಷ್ಯಾ ಎರಡೂ ಸೇರಿ ಉಳಿದ ಬೀವರ್ ಸುಮಾರು 1,200 ಮಾತ್ರ. ಒಂದು ಪ್ರಾಣಿಯ ಕೂದಲಿನ ಚಿಪ್ಪು ತುಸು ಎದ್ದು ನಿಂತಿದ್ದುದೂ ಅದರ ಕುತ್ತಿಗೆಗೆ ಬಂದ ಈ ಸಂಗತಿ ನನ್ನನ್ನು ಯಾವಾಗಲೂ ಕಲಕುತ್ತದೆ. ಇಂದು ಹ್ಯಾಟಿನ ಬಹುಪಾಲು ರೋಮ ಮೊಲದ್ದು, ಅದೂ ಹೆಚ್ಚಾಗಿ ಮಾಂಸಕ್ಕೆಂದು ಸಾಕಿದ ಮೊಲದ್ದು. ಆಸ್ಟ್ರೇಲಿಯಾದ ಕತೆಯೇ ಬೇರೆ: 1859ರಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಎರಡು ಡಜನ್‌ನಷ್ಟು ಮೊಲಗಳು ಖಂಡಕ್ಕೇ ಪಿಡುಗಾದವು, ಆ ಪಿಡುಗಿನ ರೋಮದಿಂದ ಅಲ್ಲಿಯ ಅಕುಬ್ರಾ ಹ್ಯಾಟು ಬೆಳೆಯಿತು.

ಬೇರ್ಪಡಿಸಿದ ಒಳರೋಮವನ್ನು ಬಿಡಿಸಿ ಹರಡುವ ಹಳೆಯ ಉಪಕರಣವನ್ನು ಮುಂಬೈಯವರಿಗೆ ವಿವರಿಸಬೇಕಿಲ್ಲ. ಯುರೋಪಿನ ಹ್ಯಾಟು ಕಾರ್ಖಾನೆಗಳಲ್ಲಿ ಸುಮಾರು ಏಳಡಿ ಉದ್ದದ ಬಿಲ್ಲನ್ನು ಸೂರಿನಿಂದ ತೂಗುಬಿಟ್ಟು, ಕರುಳಿನ ಹುರಿಯನ್ನು ರೋಮದ ರಾಶಿಯೊಳಗೆ ಮಿಡಿಯುತ್ತಿದ್ದರು. ಹುರಿ ಕಂಪಿಸಿದಂತೆ ರೋಮ ಎದ್ದು ಹಾರಿ, ಎಲ್ಲ ದಿಕ್ಕಿಗೂ ಮುಖ ಮಾಡಿದ ತೆಳು ಪದರವಾಗಿ ಇಳಿಯುತ್ತಿತ್ತು. ಚಳಿಗಾಲದಲ್ಲಿ ನಮ್ಮ ಚಾಳುಗಳ ಮುಂದೆ ಹೆಗಲಿಗೆ ಬಿಲ್ಲು ಹಾಕಿಕೊಂಡು, ತಂತಿ ಮೀಟಿ ತಾನು ಬಂದಿರುವುದನ್ನು ಸಾರುತ್ತಿದ್ದ ಪಿಂಜಾರನ ಕೈಯಲ್ಲಿದ್ದದ್ದು ಇದೇ ಯಂತ್ರ. ಕರ್ನಾಟಕದ ಪಿಂಜಾರ, ನದಾಫ್ ಮನೆತನಗಳು ತಲೆಮಾರುಗಳಿಂದ ಹಿಡಿದದ್ದೂ ಇದನ್ನೇ. ವ್ಯತ್ಯಾಸ ಬಿಲ್ಲಿನಲ್ಲಿಲ್ಲ, ಅದರ ಮುಂದೆ ಇಟ್ಟ ಸರಕಿನಲ್ಲಿದೆ. ಹತ್ತಿ ಗಿಡದ ಎಳೆ, ಅದಕ್ಕೆ ಚಿಪ್ಪಿಲ್ಲ. ಹಾಸಿಗೆಯೊಳಗೆ ವರ್ಷಾನುಗಟ್ಟಲೆ ಅಮುಕಿದರೂ ಗಂಟು ಕಟ್ಟುತ್ತದೆಯೇ ಹೊರತು ಫೆಲ್ಟಾಗುವುದಿಲ್ಲ. ಹಾಗಾಗಿಯೇ ಹಾಸಿಗೆಯನ್ನು ಬಿಚ್ಚಿ ಮತ್ತೆ ಹಿಂಜಿಸಬಹುದು, ಹ್ಯಾಟನ್ನು ಹಾಗೆ ಬಿಡಿಸಲಾಗದು.

19ನೇ ಶತಮಾನದಲ್ಲಿ ಬಿಲ್ಲಿನ ಜಾಗಕ್ಕೆ ತಾಮ್ರದ ಶಂಕು ಬಂತು. ಮೈತುಂಬ ತೂತಿರುವ, ಒಳಗಿಂದ ಫ್ಯಾನು ಗಾಳಿ ಎಳೆಯುವ, ತಿರುಗುತ್ತಲೇ ಇರುವ ಶಂಕು ಅದು. ಸುತ್ತ ಹಾರಿಸಿದ ರೋಮವೆಲ್ಲ ಅದಕ್ಕೆ ಅಂಟುತ್ತದೆ, ಬಿಸಿನೀರು ಸಿಂಪಡಿಸಿ ಕೂರಿಸುತ್ತಾರೆ. ಬಿಡಿಸಿದಾಗ ಅದು ತಲೆಗಿಂತ ಎಷ್ಟೋ ದೊಡ್ಡದಾದ, ಮುಟ್ಟಿದರೆ ಹರಿಯುವ ಟೊಪ್ಪರ. ಬಿಸಿನೀರಿನಲ್ಲಿ ಮತ್ತೆ ಮತ್ತೆ ಸುರುಳಿ ಸುತ್ತಿ ಉರುಳಿಸಿ ಅದನ್ನು ಅರ್ಧಕ್ಕಿಂತ ಚಿಕ್ಕದಾಗಿ ಕುಗ್ಗಿಸುತ್ತಾರೆ. ಗುಣಮಟ್ಟ ತೀರ್ಮಾನವಾಗುವುದು ಈ ಹಂತದಲ್ಲಿ. ನಿಧಾನವಾಗಿ, ಪೂರ್ತಿ ಕುಗ್ಗಿಸಿದ ಫೆಲ್ಟು ಮುಂದೆ ಮಳೆಯಲ್ಲಿ ಕುಗ್ಗುವುದಕ್ಕೆ ಏನೂ ಉಳಿದಿರುವುದಿಲ್ಲ. ಅವಸರದಲ್ಲಿ ಅರ್ಧಕ್ಕೆ ಬಿಟ್ಟದ್ದು ಉಳಿದ ಕೆಲಸವನ್ನು ನಿಮ್ಮ ತಲೆಯ ಮೇಲೆ ಮುಗಿಸುತ್ತದೆ.

ಇಲ್ಲೊಂದು ಕರಾಳ ಅಧ್ಯಾಯವಿದೆ. ಮೊಲದ ರೋಮದ ಚಿಪ್ಪು ಬೀವರಿನದರಂತೆ ಎದ್ದಿರುವುದಿಲ್ಲ, ಹಾಗೇ ಬಿಟ್ಟರೆ ಸರಿಯಾಗಿ ಫೆಲ್ಟಾಗದು. ಅದನ್ನು ಹುರಿದುಂಬಿಸಲು ಚರ್ಮಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಅದು ಕೂದಲಿನ ಕೆರಾಟಿನ್ ಪ್ರೋಟೀನಿನೊಳಗಿನ ಗಂಧಕದ ಕೊಂಡಿಗಳನ್ನು ಮುರಿದು ಕೂದಲನ್ನು ಮೆತ್ತಗೆ, ಸುರುಳಿಯಾಗಿ ಮಾಡುತ್ತಿತ್ತು. ರೋಮದ ತುದಿ ಗಜ್ಜರಿ ಬಣ್ಣಕ್ಕೆ ತಿರುಗುತ್ತಿತ್ತು. ಹಬೆಯಾಡುವ ಕೋಣೆಯಲ್ಲಿ ದಿನವಿಡೀ ಪಾದರಸದ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಜನರೆದುರು ಬರಲು ಅಂಜುವಷ್ಟು ಮನಸ್ಸು ಕುಸಿಯುತ್ತಿತ್ತು. ಅಮೆರಿಕದ ಡ್ಯಾನ್‌ಬರಿ ಎಂಬ ಹ್ಯಾಟಿನ ಊರಿನ ಹೆಸರೇ ಆ ನಡುಕಕ್ಕೆ ಅಂಟಿಕೊಂಡಿತು. ಅಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಈಗ ಅದೇ ಕೆಲಸವನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಚೋರ್ ಬಜಾರಿನಂಥಲ್ಲಿ ಬಹಳ ಹಳೆಯ ರೋಮದ ಹ್ಯಾಟು ಸಿಕ್ಕರೆ ಅದನ್ನು ನೋಡಿ ಸಂತೋಷಪಡಿ; ಪಾದರಸ ಇನ್ನೂ ಉಳಿದಿರಬಹುದು, ಹಬೆಗೆ ಹಿಡಿದು ರಿಪೇರಿ ಮಾಡಲು ಮಾತ್ರ ಹೋಗಬೇಡಿ.

ಅಂಚು ನೆಟ್ಟಗೆ ನಿಲ್ಲಲು ಹಚ್ಚುವ ಗಟ್ಟಿಪದಾರ್ಥ ನಮ್ಮ ದೇಶದ್ದೇ: ಅರಗು. ಪಲಾಶ, ಬೋರೆ, ಕುಸುಮ ಮರಗಳ ಕೊಂಬೆಯಲ್ಲಿ ಅರಗಿನ ಹುಳು ಕಟ್ಟುವ ಈ ರಾಳಕ್ಕೆ ಜಾರ್ಖಂಡ್, ಛತ್ತೀಸ್‌ಗಢ ಹೆಸರುವಾಸಿ. ಅದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿ ಬಳಿ ಸಂಸ್ಥೆ ಹುಟ್ಟಿತು. ಆದರೆ ಅಂಗಡಿಯಲ್ಲಿ ಮೋಸ ಹೋಗುವುದೂ ಇಲ್ಲಿಯೇ. ಗಟ್ಟಿಯಾಗಿದೆ ಎಂದಾಕ್ಷಣ ಹ್ಯಾಟು ಒಳ್ಳೆಯದಲ್ಲ. ಫೆಲ್ಟಿನಲ್ಲಿ ಸತ್ವವಿಲ್ಲದಿದ್ದರೆ ಗಟ್ಟಿಪದಾರ್ಥ ಹೆಚ್ಚು ಬಳಿದು ನಿಲ್ಲಿಸಬಹುದು. ಅಂಚನ್ನು ಮೆಲ್ಲಗೆ ಬಾಗಿಸಿ ಬಿಡಿ. ರಟ್ಟಿನಂತೆ ಸದ್ದು ಮಾಡಿ, ಬಾಗಿದಲ್ಲಿ ಗೆರೆ ಉಳಿದರೆ ಅಂಟಿನ ಬಲ. ಸದ್ದಿಲ್ಲದೆ ಬಾಗಿ ತಾನಾಗಿ ಮರಳಿದರೆ ರೋಮದ ಬಲ. ಬೆಳಕಿಗೆ ಹಿಡಿದು ನೋಡಿ, ತೆಳು ಜಾಗ ಕಾಣಬಾರದು. ಉಗುರಿನಿಂದ ಮೆಲ್ಲಗೆ ಕೆರೆದರೆ ನಾರು ಏಳಬಾರದು. ಒಳಗೆ ಅಸ್ತರಿದ್ದರೆ ಅದನ್ನು ಎತ್ತಿ ಫೆಲ್ಟಿನ ಹಿಂಬದಿ ತೋರಿಸಲು ಕೇಳಿ, ಸಂಕೋಚ ಬೇಡ. ಹೊರಗಿನ ನಯವನ್ನು ಮರಳುಕಾಗದದಿಂದ ತರಬಹುದು, ಒಳಗಿನದು ಸುಳ್ಳಾಡುವುದಿಲ್ಲ. ಕೆಲವು ಹ್ಯಾಟುಗಳ ಒಳಗೆ 4ಎಕ್ಸ್, 10ಎಕ್ಸ್ ಎಂದು ಅಚ್ಚಾಗಿರುತ್ತದೆ. ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಯಿಲ್ಲ, ಒಂದು ಕಂಪನಿಯ ಎಕ್ಸನ್ನು ಇನ್ನೊಂದರದಕ್ಕೆ ಹೋಲಿಸಿ ಫಲವಿಲ್ಲ. ಹಣೆಗೆ ತಾಗುವ ಪಟ್ಟಿ ಚರ್ಮದ್ದಿರಲಿ, ಹಾಕಿಕೊಂಡಾಗ ಒಂದು ಬೆರಳು ನುಸುಳುವಷ್ಟು ಸಡಿಲವಿರಲಿ. ಮುಂಬೈಯ ಬೆವರಿಗೆ ನೆನೆದು ಒಣಗಿ ಆ ಪಟ್ಟಿ ಕ್ರಮೇಣ ಬಿಗಿಯುತ್ತದೆ.

ಈಗ ಮಳೆಗೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಗರದ ಮೇಲೆ 2,000 ಮಿಲಿಮೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಮಲೆನಾಡಿನಿಂದ ಬಂದವರಿಗೆ ಕಂಬಳಿ ಕೊಪ್ಪೆ ನೆನಪಿರಬಹುದು: ನಾಟಿ ಗದ್ದೆಯಲ್ಲಿ ಗಂಟೆಗಟ್ಟಲೆ ಮಳೆ ಹೊಡೆದರೂ ಒಳಗಿನ ಬೆನ್ನು ಬೆಚ್ಚಗಿರುತ್ತಿತ್ತು. ಕೆರಾಟಿನ್‌ಗೆ ವಿಚಿತ್ರ ಸ್ವಭಾವವಿದೆ. ಅದರ ಚಿಪ್ಪಿನ ಹೊರಮೈ ಎಣ್ಣೆಗೆ ಹತ್ತಿರ, ನೀರಿನ ಹನಿಯನ್ನು ದೂಡುತ್ತದೆ. ಒಳಗಿನ ಪ್ರೋಟೀನು ಮಾತ್ರ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಉಣ್ಣೆ ತನ್ನ ಒಣ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಬಲ್ಲದು. ಹಾಗಾಗಿ ಒಳ್ಳೆಯ ಹ್ಯಾಟಿಗೆ ಸಣ್ಣ ಮಳೆಯ ಭಯವಿಲ್ಲ. ನೆನೆದರೆ ಕೊಡವಿ, ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಅದರ ಮೇಲೆ ಹ್ಯಾಟನ್ನು ನಿಲ್ಲಿಸಿ ಫ್ಯಾನಿನ ಗಾಳಿಗೆ ನಿಧಾನ ಒಣಗಿಸಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಕೆಳಗಂತೂ ಖಂಡಿತ ಬೇಡ. 70 ಡಿಗ್ರಿಯ ಆಸುಪಾಸಿನಲ್ಲಿ ಅರಗು ಮೆತ್ತಗಾಗಿ ಅಂಚು ಬೇಕಾದಂತೆ ಸೊಟ್ಟಗಾಗುತ್ತದೆ.

ನಿಜವಾದ ಅಪಾಯ ಇರುವುದು ಕಪಾಟಿನಲ್ಲಿ. ಜುಲೈ ತಿಂಗಳ ಮುಂಬೈಯಲ್ಲಿ ಮುಚ್ಚಿದ ಕಪಾಟು ಎಂದರೆ ಕತ್ತಲೆ, ತೇವ, ಗಾಳಿಯಿಲ್ಲದ ಜಾಗ. ಮೊದಲು ಬೂಷ್ಟು ಬರುತ್ತದೆ, ಅದರ ಜೊತೆಗೆ ನುಸಿ. ಬಟ್ಟೆ ನುಸಿಯ ಪತಂಗ ಏನನ್ನೂ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು. ಬಹುತೇಕ ಜೀವಿಗಳಿಗೆ ಜೀರ್ಣವಾಗದ ಕೆರಾಟಿನ್ ಅದಕ್ಕೆ ಊಟ. ಹ್ಯಾಟುಗಾರರು ರಾಸಾಯನಿಕದಿಂದ ಮುರಿದ ಆ ಗಂಧಕದ ಕೊಂಡಿಗಳನ್ನೇ ಈ ಹುಳು ತನ್ನ ಕರುಳಿನಲ್ಲಿ ಮುರಿಯುತ್ತದೆ. ಬೆವರು, ಎಣ್ಣೆ ಮೆತ್ತಿದ ಜಾಗವೆಂದರೆ ಅದಕ್ಕೆ ಇನ್ನೂ ಪ್ರೀತಿ. ಮಳೆಗಾಲಕ್ಕೆ ಮೊದಲು ಚೆನ್ನಾಗಿ ಬ್ರಷ್ ಮಾಡಿ, ಚರ್ಮದ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ನುಸಿಗುಳಿಗೆ ಕೆಲಸ ಮಾಡುವುದೂ ಮುಚ್ಚಿದ ಡಬ್ಬಿಯಲ್ಲೇ, ತೆರೆದ ಕಪಾಟಿನಲ್ಲಿ ಬರೀ ವಾಸನೆ. ಗುಳಿಗೆ ಫೆಲ್ಟಿಗೆ ನೇರವಾಗಿ ತಾಗದಿರಲಿ. ಹುಳು ಬಿದ್ದಿದೆಯೆಂಬ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ವಾರ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ.

ದಿನನಿತ್ಯ ಹಾಕುವವರು ಹ್ಯಾಟನ್ನು ನೆತ್ತಿಯ ಮುಂಭಾಗದ ಚಿವುಟಿನಲ್ಲಿ ಹಿಡಿದು ಎತ್ತಬಾರದು. ಸಿನಿಮಾದ ನಾಯಕರೆಲ್ಲ ಹಾಗೆ ಎತ್ತುತ್ತಾರೆ, ಅವರಿಗೆ ಮರುದಿನ ಹೊಸದು ಸಿಗುತ್ತದೆ. ಅದೇ ಜಾಗ ನಿತ್ಯ ಮಡಚಿ ಮಡಚಿ ಬಿರುಕು ಬಿಡುತ್ತದೆ, ಬೆರಳಿನ ಎಣ್ಣೆ ಕೂರುತ್ತದೆ. ಅಂಚಿನ ಮುಂದೆ ಹಿಂದೆ ಎರಡೂ ಕೈಯಿಂದ ಹಿಡಿಯಿರಿ. ವಿರಾರ್ ಲೋಕಲ್ಲಿನ ನೂಕಿನಲ್ಲಿ ಅಪ್ಪಚ್ಚಿಯಾದರೂ ಗಾಬರಿ ಬೇಡ. ಕುದಿಯುವ ಕೆಟಲಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ಅರ್ಧ ನಿಮಿಷ ಹಿಡಿದರೆ ಹಬೆ ಒಳಹೊಕ್ಕು ಕೆರಾಟಿನ್ ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲಗೊಳ್ಳುತ್ತವೆ, ಅರಗೂ ಮೆತ್ತಗಾಗುತ್ತದೆ. ಆಗ ಬೆರಳಿನಿಂದ ತಿದ್ದಿ, ತಣ್ಣಗಾಗುವವರೆಗೆ ಹಿಡಿದಿರಿ. ಬಂಧಗಳು ಹೊಸ ಆಕಾರದಲ್ಲಿ ಮತ್ತೆ ಕೂಡುತ್ತವೆ. ಉಣ್ಣೆಯ ಅಗ್ಗದ ಹ್ಯಾಟಿಗೆ ಇದೇ ಉಪಚಾರ ಪದೇಪದೇ ಮಾಡಿದರೆ ಅಳತೆ ಕುಗ್ಗುತ್ತ ಹೋಗುತ್ತದೆ. ಪೂರ್ತಿ ಕುಗ್ಗಿಸಿ ಮಾಡಿದ ಮೊಲದ ರೋಮದ ಹ್ಯಾಟಾದರೆ ಹತ್ತಾರು ಸಲ ತಡೆಯುತ್ತದೆ, ಹೊಸ ಚರ್ಮದ ಪಟ್ಟಿ ಹೊಲಿಸಿ ಮಗನಿಗೋ ಮಗಳಿಗೋ ದಾಟಿಸಲೂಬಹುದು.